ಅಪ್ಪನ ಡಬ್ಬಿ ಕಿವಿ

ನಾನು ಚಿಕ್ಕವಳಿದ್ದಾಗ ಅಪ್ಪನ ಕಿವಿ ನಾನೇ ಆಗಿದ್ದೆ. ಒಳ್ಳೆಯ ಕಿವಿಯೇನೂ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ಆಗ ನನಗೆ ಒಂಬತ್ತೋ ಹತ್ತೋ ವರ್ಷ. ಅದಕ್ಕೆ ಕೆಲವು ತಿಂಗಳು ಮೊದಲು ಅಪ್ಪ ಜ್ವರ ಬಂದು ಹದಿನೈದು ದಿನ ಮಲಗಿದ್ದ. ಎದ್ದಾಗ ಕಿವಿ ಮಂದವಾಗಿತ್ತು. ಹತ್ತಿರ ನಿಂತು ಕೂಗಿದರೆ ಅಷ್ಟಿಷ್ಟು ಕೇಳುತ್ತಿತ್ತು. ಸಣ್ಣ ಸದ್ದುಗಳು ಮಾತ್ರ ಪೂರಾ ಹೋಗಿಬಿಟ್ಟಿದ್ದವು. ಒಗ್ಗರಣೆಗೆ ಸಾಸಿವೆ ಸಿಡಿಯುವುದು, ಒಣಗಿದ ಎಲೆ ಕಾಲಿಗೆ ಸಿಕ್ಕಿ ಮುರಿಯುವುದು, ಬೆಳಗಿನ ಹಕ್ಕಿ, ಯಾವುದೂ ಅವನಿಗಿರಲಿಲ್ಲ.

ಇದರಿಂದ ಅಪ್ಪನಿಗೆ ಹೆಚ್ಚು ಕಷ್ಟವಾದದ್ದು ಕಾಫಿ ಕಣದಲ್ಲಿ. ಮಾರನಹಳ್ಳಿಯ ಆಚೆ, ಗುಡ್ಡದ ಮಗ್ಗುಲಲ್ಲಿ ನಮ್ಮದೊಂದು ಸಣ್ಣ ತೋಟ. ಚಳಿಗಾಲದ ಬಿಸಿಲಿಗೆ ಸಗಣಿ ಸಾರಿಸಿದ ಕಣದಲ್ಲಿ ಕಾಫಿ ಹಣ್ಣು ಹರವುತ್ತಿದ್ದೆವು. ಕೆಂಪು ಹಣ್ಣು ದಿನದಿನಕ್ಕೆ ಕಂದಿ, ಕಪ್ಪಾಗಿ ಸುಕ್ಕುಗಟ್ಟುತ್ತಿತ್ತು. ಅದರ ಹುಳಿಸಿಹಿ ವಾಸನೆ ಮನೆಯೊಳಗೆ, ಹಾಸಿಗೆಯಲ್ಲಿ, ನಮ್ಮ ತಲೆಗೂದಲಲ್ಲಿ ಕೂಡ ಸೇರಿಕೊಳ್ಳುತ್ತಿತ್ತು. ಒಣಗಿದೆಯೋ ಇಲ್ಲವೋ ನೋಡಲು ಆಗ ಇದ್ದದ್ದು ಒಂದೇ ದಾರಿ. ಒಂದು ಹಿಡಿ ಕಾಯಿಯನ್ನು ಮುಷ್ಟಿಯಲ್ಲಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸಬೇಕು. ಸಿಪ್ಪೆಯೊಳಗೆ ಬೀಜ ಸಡಿಲವಾಗಿ ಗಲಗಲ ಅಂದರೆ ಆಯಿತು. ಸದ್ದು ಮಂಕಾಗಿ ಬಂದರೆ ಇನ್ನೂ ಬಿಸಿಲು ಬೇಕು. ಪಳಗಿದವರಿಗೆ ಆ ಸಡಿಲ ಅಂಗೈಯಲ್ಲೂ ಗೊತ್ತಾಗುತ್ತದೆ, ಆದರೂ ಎಲ್ಲರೂ ನಂಬುವುದು ಕಿವಿಯನ್ನೇ. ಹಸಿ ಇರುವಾಗಲೇ ಚೀಲಕ್ಕೆ ತುಂಬಿದರೆ ಬೂಷ್ಟು ಹಿಡಿದು ವರ್ಷದ ದುಡಿಮೆ ಮಣ್ಣುಪಾಲು.

ಊರಿನಲ್ಲಿ ಅಪ್ಪನ ಮುಷ್ಟಿಗೆ ಹೆಸರಿತ್ತು. ಅಕ್ಕಪಕ್ಕದ ತೋಟದವರು ಬಂದು, ಒಂದು ಸಲ ಅಲ್ಲಾಡಿಸಿ ನೋಡು ಮಾರಾಯ ಎಂದು ಕರೆದುಕೊಂಡು ಹೋಗುತ್ತಿದ್ದರು. ಕಿವಿ ಹೋದ ಮೇಲೆ ಆ ಮುಷ್ಟಿ ನನ್ನ ಕಿವಿಯ ಹತ್ತಿರ ಬರತೊಡಗಿತು. ಅಪ್ಪ ಅಲ್ಲಾಡಿಸಿ ನನ್ನ ಮುಖ ನೋಡುತ್ತಿದ್ದ. ನಾನು ತಲೆ ಆಡಿಸಿದರೆ ಗೋಣಿಚೀಲಗಳು ಹೊರಗೆ ಬರುತ್ತಿದ್ದವು.

ಮೊದಲ ವರ್ಷ ನಿಯತ್ತಾಗಿಯೇ ಇದ್ದೆ. ಎರಡನೆಯ ವರ್ಷದ ಹೊತ್ತಿಗೆ ಕಣ ಕಾಯುವುದು ಸಾಕುಸಾಕಾಗಿ ಹೋಗಿತ್ತು. ಶಾಲೆಯಿಂದ ಬಂದ ಕೂಡಲೇ ಕೋಲು ಹಿಡಿದು ಕೂರಬೇಕು, ಕೋಳಿ ಓಡಿಸಬೇಕು, ಕರು ಬಾಯಿ ಹಾಕದಂತೆ ನೋಡಬೇಕು, ಆಗಾಗ ಕಾಫಿಯ ಮೇಲೆ ಕಾಲಾಡಿಸಿ ಮೇಲಿನದು ಕೆಳಗೆ ಮಾಡಬೇಕು. ಗೆಳತಿಯರೆಲ್ಲ ಹಳ್ಳದ ದಂಡೆಯಲ್ಲಿ ಕುಂಟಬಿಲ್ಲೆ ಆಡುತ್ತಿದ್ದರು. ಕಾಫಿ ಚೀಲಕ್ಕೆ ಹೋದರೆ ನನಗೆ ಬಿಡುಗಡೆ. ಆ ದಿನ ಅಪ್ಪ ಮುಷ್ಟಿ ತಂದು ಕಿವಿಗೆ ಹಿಡಿದ. ಗಲಗಲ ಅನ್ನಲಿಲ್ಲ. ನಾನು ತಲೆ ಆಡಿಸಿಬಿಟ್ಟೆ. ಅಪ್ಪ ಒಂದು ಗಳಿಗೆ ತನ್ನ ಕೈಯನ್ನೇ ನೋಡಿಕೊಂಡ, ಏನೋ ಅನುಮಾನ ಬಂದವನಂತೆ. ಆಮೇಲೆ ಚೀಲ ತಂದ. ಅವನು ಬಗ್ಗಿ ತುಂಬುತ್ತಿದ್ದರೆ ನಾನು ಬೆನ್ನ ಹಿಂದೆಯೇ ಕುಣಿಯುತ್ತ, 'ಸುಳ್ಳು ಸುಳ್ಳು ಗಲಗಲ, ಅಪ್ಪಂಗೇನೂ ಕೇಳಲ್ಲ' ಎಂದು ಹಾಡು ಬೇರೆ ಕಟ್ಟಿದೆ. ಎಂಥ ಪೀಡೆ ನಾನು, ನೋಡಿ!

ಕೆಲವು ದಿನ ಬಿಟ್ಟು ಚೀಲ ಬಿಚ್ಚಿದರೆ ಒಳಗೆ ಬೆಳ್ಳಗೆ ಬೂಷ್ಟು. ಮೂಗು ಮುಚ್ಚಿಕೊಳ್ಳುವಂಥ ವಾಸನೆ. ನನ್ನನ್ನು ಯಾರೂ ಕೇಳಲಿಲ್ಲ, ಅದೇ ತಮಾಷೆ. ಅಪ್ಪ ಎಲ್ಲವನ್ನೂ ತನ್ನ ಮೇಲೆ ಹಾಕಿಕೊಂಡ. ಮಗಳು ಕೇಳಿದ ಹಿಡಿ ಒಣಗಿತ್ತು, ಹಸಿ ಉಳಿದದ್ದು ನನ್ನ ಕೈಗೆ ಗೊತ್ತಾಗಲಿಲ್ಲ, ಕಿವಿ ಹೋಯಿತು, ಈಗ ಕೈಗೂ ಮಂಕು ಹಿಡಿಯಿತು ಎಂದ. ಮುಷ್ಟಿಗೆ ಕರೆಯಲು ಬಂದವರಿಗೆ, ನನ್ನ ಕೈ ನಂಬಬೇಡಿ ಎಂದು ಹೇಳಿ ಕಳಿಸಿದ. ಆಮೇಲೆ ಯಾರೂ ಬರಲಿಲ್ಲ. ಅಪ್ಪ ಕಿವಿ ತೋರಿಸಲು ಹಾಸನಕ್ಕೆ ಹೊರಟದ್ದು ಇದೇ ಕಾರಣಕ್ಕೆ. ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ.

ಮರುವರ್ಷ ಕಾಫಿ ಕಣಕ್ಕೆ ಬಿದ್ದ ಹೊತ್ತಿಗೆ ಅಪ್ಪ ಹಾಸನದಿಂದ ಒಂದು ಡಬ್ಬಿ ತಂದ. ಎರಡು ಬೆಂಕಿಪೊಟ್ಟಣ ಜೋಡಿಸಿದಷ್ಟು ದಪ್ಪ. ಅದನ್ನು ಅಂಗಿಯ ಜೇಬಿನಲ್ಲಿ ಇಡಬೇಕು. ಅದರಿಂದ ಒಂದು ವೈರು ಹೊರಟು ಕಿವಿಯಲ್ಲಿ ಗುಂಡಿಯಂತೆ ಕೂರುತ್ತಿತ್ತು. ಜಗಲಿಯಲ್ಲಿ ಕೂತು, ಎಂದಿನ ದೊಡ್ಡ ಗಂಟಲಿನಲ್ಲಿ ಅಪ್ಪ ನಮಗೆ ತಿಳಿಸಿದ.

"ಡಾಕ್ಟ್ರು ಹೇಳವ್ರೆ. ಇಷ್ಟ್ ದಿನ ಹೋಗಿದ್ದೆಲ್ಲ ವಾಪಸ್ ಬತ್ತೈತಂತೆ. ಒಂದೇ ಸಲ ಬರಕಿಲ್ಲ, ಒಂದೊಂದಾಗಿ ಬತ್ತೈತಂತೆ."

ಅಪ್ಪನ ಮಟ್ಟಿಗೆ ಅದು ಸಂತೋಷದ ಸುದ್ದಿ. ನಮಗೆ ಎದೆ ಧಸಕ್ಕೆಂದಿತು. ಹೋಗಿದ್ದೆಲ್ಲ ಅಂದರೆ? ಎರಡೂವರೆ ವರ್ಷದಲ್ಲಿ ಅವನಿಗೆ ಕೇಳದೆ ಹೋದ ಮಾತುಗಳೆಲ್ಲ? ಆ ಡಬ್ಬಿಯೊಳಗಿಂದ, ಒಂದೊಂದಾಗಿ? ಈಗ ನೀವು ನಗುತ್ತೀರಿ. ಆಗ ನಮಗೆ ರೇಡಿಯೋ ಹೇಗೆ ಮಾತಾಡುತ್ತದೆ ಅನ್ನುವುದೇ ಗೊತ್ತಿರಲಿಲ್ಲ. ಎಲ್ಲಿಯೋ ಆಡಿದ ಮಾತನ್ನು ಒಂದು ಪೆಟ್ಟಿಗೆ ತರಬಹುದಾದರೆ, ಎಂದೋ ಆಡಿದ್ದನ್ನು ಇನ್ನೊಂದು ಯಾಕೆ ತರಬಾರದು?

ಅವ್ವ ಒಲೆಯ ಮುಂದೆ ತಲೆಗೆ ಕೈ ಹೊತ್ತು ಕೂತಳು. ಅಪ್ಪನಿಗೆ ಕೇಳುವುದಿಲ್ಲವೆಂದು ಅವಳು ಅವನೆದುರಿಗೇ ಅವನ ತಾಯಿಯನ್ನು, ತಂಗಿಯನ್ನು, ಅವನ ಗೊರಕೆಯನ್ನು ಬೇಕಾದಷ್ಟು ಬೈದಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರೆ, ಇಲ್ಲಿ ನೋಡಿದರೆ ಹೋದದ್ದೂ ವಾಪಸ್ ಬರುತ್ತದಂತಲ್ಲ ಎಂದು ಗೊಣಗಿದಳು. ಗೊಣಗಿದ ಕೂಡಲೇ ಬಾಯಿ ಮುಚ್ಚಿಕೊಂಡಳು. ಅಕ್ಕ ಅವನ ಮುಂದೆಯೇ ಕೊರಳೆತ್ತಿ ಸಿನಿಮಾ ಹಾಡು ಹಾಡಿಕೊಳ್ಳುತ್ತಿದ್ದವಳು. ಅವಳಿಗೂ ಹಾಡು ನಿಂತಿತು. ನನ್ನದಂತೂ ಕೇಳಬೇಡಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ, ಅಪ್ಪ ಜೇಬಿಗೆ ಕೈ ಹಾಕಿದರೆ ಸಾಕು, ನಾನು ಕೊಟ್ಟಿಗೆಗೆ ಓಡುತ್ತಿದ್ದೆ.

ಐದು ದಿನ ನಮ್ಮ ಮನೆಯಲ್ಲಿ ಮಾತೇ ಇರಲಿಲ್ಲ. ಉಪ್ಪು ಬೇಕಾದರೆ ಕೈ ತೋರಿಸುತ್ತಿದ್ದೆವು. ಅಪ್ಪ ಜಗಲಿಯಲ್ಲಿ ಕೂತು ಒಮ್ಮೊಮ್ಮೆ ತನ್ನಷ್ಟಕ್ಕೆ ನಗುತ್ತಿದ್ದ, ಒಮ್ಮೊಮ್ಮೆ ಹುಬ್ಬು ಗಂಟಿಕ್ಕುತ್ತಿದ್ದ. ಅವ್ವ ಕಿಟಕಿಯಿಂದ ಇಣುಕಿ, ಹೋದ ವರ್ಷದ ದೀಪಾವಳಿಯದು ಈಗ ಬಂದಿರಬೇಕು ಎಂದು ಅಕ್ಕನಿಗೆ ಕಣ್ಣಿನಲ್ಲೇ ಹೇಳುತ್ತಿದ್ದಳು. ನಾನು ಬೆರಳು ಮಡಿಸಿ ಲೆಕ್ಕ ಹಾಕುತ್ತಿದ್ದೆ. ದೀಪಾವಳಿಯಿಂದ ನನ್ನ ಹಾಡಿಗೆ ಎಷ್ಟು ದೂರ?

ಆರನೆಯ ದಿನ ಮೋಡ ಕಟ್ಟುವ ಹಾಗೆ ಕಾಣಿಸಿತು. ಕಣದ ಕಾಫಿಯನ್ನು ಆವತ್ತೇ ತುಂಬುವುದೋ, ಮುಚ್ಚಿಟ್ಟು ಮತ್ತೆ ಒಣಗಿಸುವುದೋ, ಅಪ್ಪ ತೀರ್ಮಾನಿಸಬೇಕಿತ್ತು. ಮೊದಲು ಮಿಂದು ಬರುತ್ತೇನೆಂದು ಬಚ್ಚಲಿಗೆ ಹೋದ. ಅಂಗಿ ಗೂಟದಲ್ಲಿ ತೂಗುತ್ತಿತ್ತು, ಡಬ್ಬಿ ಜೇಬಿನಲ್ಲೇ ಇತ್ತು. ನಾನು ಆಚೆ ಈಚೆ ನೋಡಿ ಅದನ್ನು ಎಗರಿಸಿದೆ. ಕೊಟ್ಟಿಗೆಯ ಮೂಲೆಯಲ್ಲಿ ಒಂದು ಕೋಳಿ ಬುಟ್ಟಿಯಲ್ಲಿ ಕಾವಿಗೆ ಕೂತಿತ್ತು. ಅದರ ಹೊಟ್ಟೆಯ ಕೆಳಗೆ, ಹುಲ್ಲಿನೊಳಗೆ ಡಬ್ಬಿಯನ್ನು ತುರುಕಿದೆ. ಕೋಳಿ ನನ್ನ ಕೈಗೆ ಎರಡು ಸಲ ಕುಕ್ಕಿತು.

ಅಪ್ಪ ಹೊರಗೆ ಬಂದು ಜೇಬು ತಡವಿದ. ಗೂಟದ ಕೆಳಗೆ, ಜಗಲಿಯ ಮೇಲೆ, ಹಾಸಿಗೆಯ ಸುರುಳಿಯಲ್ಲಿ ಹುಡುಕಿದ. ಅವ್ವ, ಅಕ್ಕ ಇಬ್ಬರೂ ಹುಡುಕಿದ ಹಾಗೆ ಮಾಡಿದರು. ಸಿಗದಿರಲಿ ಎಂದು ಅವರು ಹರಕೆ ಹೊತ್ತಂತಿತ್ತು. ಆಗ ಕೊಟ್ಟಿಗೆಯಿಂದ 'ಕುಂಯ್ಯ್' ಎಂದು ಸಣ್ಣಗೆ, ಉದ್ದಕ್ಕೆ ಒಂದು ಕೂಗು ಹೊರಟಿತು. ಕೋಳಿ ಕೊಕ್ಕೊಕ್ಕೋ ಎಂದು ಹಾರಿ ಅಂಗಳಕ್ಕೆ ಬಿತ್ತು. ಕಿವಿಯ ಗುಂಡಿ ಡಬ್ಬಿಗೆ ತಾಗಿದರೆ ಅದು ಹಾಗೆ ಕೂಗುತ್ತದೆ ಎಂದು ಆಮೇಲೆ ತಿಳಿಯಿತು. ಆಗ ಮಾತ್ರ ಅದು ನನ್ನ ಮೇಲೆ ಚಾಡಿ ಹೇಳುತ್ತಿದೆ ಎಂದೇ ನಂಬಿದೆ. ಅವ್ವ ನನ್ನನ್ನು ನೋಡಿದಳು, ಅಕ್ಕ ನನ್ನನ್ನು ನೋಡಿದಳು. ಆ ಕೂಗು ಮನೆಮಂದಿಗೆಲ್ಲ ಕೇಳಿತು, ಅಪ್ಪನೊಬ್ಬನಿಗೆ ಕೇಳಲಿಲ್ಲ.

ಅವನು ನಮ್ಮ ಮೂರು ಮುಖಗಳನ್ನೂ ನೋಡಿದ. ಕಣದ ಅಂಚಿಗೆ ಹೋಗಿ ಕುಕ್ಕರುಗಾಲಿನಲ್ಲಿ ಕೂತ. ಕಿವಿ ಹೋದ ಮೇಲೆ ಮೊದಲ ಸಲ ಅವನು ಮೆಲ್ಲಗೆ ಮಾತಾಡಿದ್ದನ್ನು ಕೇಳಿದೆ.

"ಡಬ್ಬಿ ಬಂದಾಗಿಂದ ಮನೇಲಿ ಒಬ್ರೂ ಮಾತಾಡ್ತಿಲ್ಲ. ಕಿವುಡಾಗಿದ್ದಾಗ ನಿಮ್ ಬಾಯಾದ್ರೂ ಅಲ್ಲಾಡೋದು ಕಾಣ್ತಿತ್ತು ಕಣ್ರೋ."

ಅಪ್ಪ ಒಂದು ಹಿಡಿ ಕಾಫಿ ಎತ್ತಿ, ಎದ್ದು ಬಂದು, ನನ್ನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಡಬ್ಬಿ ಇಲ್ಲದಿದ್ದರೆ ನೀನಿದ್ದೀಯಲ್ಲ, ಹೋದ ಸಲದ ಹಾಗೆ ನೀನೇ ಹೇಳು ಎಂದ. ಅವನ ಕಣ್ಣಿನಲ್ಲಿ ಒಂದು ಚೂರೂ ಅನುಮಾನವಿರಲಿಲ್ಲ. ಇಡೀ ಮನೆ ಡಬ್ಬಿಯನ್ನು ಶಂಕಿಸುತ್ತಿದ್ದ ಆ ವಾರದಲ್ಲಿ ಅಪ್ಪ ನಂಬದೆ ಇದ್ದದ್ದು ತನ್ನ ಕೈಯನ್ನು ಮಾತ್ರ. ಮುಷ್ಟಿಯೊಳಗಿನ ಸದ್ದು ಮಂಕಾಗಿಯೇ ಇತ್ತು.

ನಾನು ಅಳುತ್ತ ಎಲ್ಲ ಹೇಳಿಬಿಟ್ಟೆ. ಒಣಗಿಲ್ಲ, ಹೋದ ಸಲವೂ ಒಣಗಿರಲಿಲ್ಲ, ನಾನು ಸುಳ್ಳು ಹೇಳಿದೆ ಎಂದು. ಅಪ್ಪ ನನ್ನ ತುಟಿ ನೋಡುತ್ತ ನಿಂತ. ಏನಂದಿ, ಯಾಕೆ ಅಳುತ್ತಿ ಎಂದು ಕೇಳಿದ. ಅಯ್ಯೋ, ಅವನಿಗೆ ಏನೇನೂ ಕೇಳಿಸಿರಲಿಲ್ಲ! ಅಲ್ಲಿಗೇ ಬಿಟ್ಟಿದ್ದರೆ ಬಚಾವಾಗುತ್ತಿದ್ದೆ. ಕಣ್ಣೀರು ಸುರಿಸಿದ್ದೂ ಆಯಿತು, ಸಿಕ್ಕಿ ಬೀಳುವುದೂ ತಪ್ಪಿತು. ಒಂದು ಗಳಿಗೆ ಹಾಗೆ ಯೋಚಿಸಿದೆ ಅನ್ನುವುದನ್ನೂ ನಿಮ್ಮಿಂದ ಮುಚ್ಚಿಡುವುದಿಲ್ಲ. ಆಮೇಲೆ ಕೊಟ್ಟಿಗೆಗೆ ಓಡಿದೆ, ಹುಲ್ಲು ಅಂಟಿದ ಡಬ್ಬಿ ತಂದು ಅವನ ಕೈಯಲ್ಲಿಟ್ಟೆ. ಅಪ್ಪ ಪಂಚೆಯ ತುದಿಯಿಂದ ಒರೆಸಿ, ಜೇಬಿಗೆ ಹಾಕಿ, ಗುಂಡಿಯನ್ನು ಕಿವಿಗಿಟ್ಟುಕೊಂಡ.

"ಈಗ ಹೇಳು," ಎಂದ.

ಹೇಳಿದ್ದನ್ನೇ ಎರಡನೆಯ ಸಲ ಹೇಳುವುದು ಎಷ್ಟು ಕಷ್ಟ ಅನ್ನುವುದು ನನಗೆ ಆವತ್ತು ಗೊತ್ತಾಯಿತು. ಹಾಡನ್ನೂ ಸೇರಿಸಿ ಹೇಳಿದೆ, ಹೇಗೂ ಡಬ್ಬಿ ಇವತ್ತಲ್ಲ ನಾಳೆ ಹೇಳುತ್ತದಲ್ಲ ಎಂದು. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಏಟು ಬೀಳುತ್ತದೆ ಎಂದು ನಾನು ಕಣ್ಣು ಮುಚ್ಚಿದೆ. ಏಟು ಬೀಳಲಿಲ್ಲ. ಕಣ್ಣು ಬಿಟ್ಟರೆ ಅಪ್ಪ ಮುಷ್ಟಿ ಬಿಚ್ಚಿ ತನ್ನ ಅಂಗೈಯನ್ನು ನೋಡುತ್ತಿದ್ದ. ಕಾಫಿ ಕಾಯಿಯನ್ನು ಹೆಬ್ಬೆರಳಿನಲ್ಲಿ ಮೆಲ್ಲಗೆ ಹೊರಳಿಸುತ್ತಿದ್ದ. ಅವನ ಕಣ್ಣು ತುಂಬಿತ್ತು.

"ಹಂಗಾರೆ ನನ್ ಕೈ ಸುಳ್ ಹೇಳಿರ್ಲಿಲ್ಲ," ಎಂದ. "ಆವತ್ತು ಕೈ ಹೇಳ್ತು, ಹಸಿ ಐತೆ ಅಂತ. ನಾನೇ ಕೇಳ್ಲಿಲ್ಲ."

ಆಮೇಲೆ ಅವ್ವ ಹೆದರುತ್ತ ಹೆದರುತ್ತ, ಹಳೆಯ ಮಾತುಗಳು ಎಲ್ಲಿಯವರೆಗೆ ಬಂದವು ಎಂದು ಕೇಳಿದಳು. ಯಾವ ಹಳೆಯ ಮಾತು ಎಂದ ಅಪ್ಪ. ವಿಷಯ ತಿಳಿದ ಮೇಲೆ ಅವನು ಎಷ್ಟು ನಕ್ಕನೆಂದರೆ ಗುಂಡಿ ಕಿವಿಯಿಂದ ಜಾರಿ ಬಿದ್ದು ಡಬ್ಬಿ ಮತ್ತೆ ಕುಂಯ್ ಎಂದಿತು. ವಾಪಸ್ ಬಂದದ್ದು ಸಾಸಿವೆ, ಒಣ ಎಲೆ, ಹಕ್ಕಿ, ಅಷ್ಟೇ. ಅವನ್ನು ಕೇಳಿಯೇ ಅವನು ಜಗಲಿಯಲ್ಲಿ ಒಬ್ಬನೇ ನಗುತ್ತಿದ್ದದ್ದು. ಅವ್ವ ನಿಟ್ಟುಸಿರು ಬಿಟ್ಟು, ಐದು ದಿನ ತಡೆದಿಟ್ಟುಕೊಂಡಿದ್ದ ಬೈಗುಳವನ್ನೆಲ್ಲ ಅವನ ಜೇಬಿನ ಹತ್ತಿರವೇ ಬಾಯಿಟ್ಟು ಬೈದಳು. ಕಾಫಿ ಇನ್ನೂ ನಾಲ್ಕು ದಿನ ಕಣದಲ್ಲಿತ್ತು. ಕಾದವಳು ನಾನೇ, ಬೆಳಿಗ್ಗೆಯಿಂದ ಸಂಜೆಯವರೆಗೆ. ಅದು ನನಗೆ ಬಿದ್ದ ಶಿಕ್ಷೆ.

ಈಗ ನನ್ನ ಕಿವಿಯೂ ಹೋಗಿದೆ. ಮೊಮ್ಮಕ್ಕಳು ನೀವಿಬ್ಬರೂ ಹಟ ಹಿಡಿದು ಹುಣಸೆಬೀಜದಷ್ಟು ಚಿಕ್ಕ ಮೆಷೀನು ತರಿಸಿ ನನಗೆ ಹಾಕಿಸಿದ್ದೀರಿ. ವೈರಿಲ್ಲ, ಡಬ್ಬಿಯಿಲ್ಲ, ಕುಂಯ್ ಅನ್ನುವುದೂ ಇಲ್ಲ. ಅದು ನಿಮ್ಮ ಫೋನಿನ ಜೊತೆ ಮಾತಾಡಿಕೊಳ್ಳುತ್ತದಂತೆ. ಏನು ಮಾತಾಡಿಕೊಳ್ಳುತ್ತದೆ ಎಂದು ಕೇಳಿದರೆ, ಸುಮ್ಮನಿರಿ ಅಜ್ಜಿ ಎಂದು ನಗುತ್ತೀರಿ. ಆಡಿದ ಮಾತನ್ನು ಡಬ್ಬಿ ಹಿಡಿದಿಟ್ಟುಕೊಳ್ಳುತ್ತದೆ ಎಂದು ನಾವು ಸುಳ್ಳುಸುಳ್ಳೇ ಹೆದರಿ ಐದು ದಿನ ಬಾಯಿ ಮುಚ್ಚಿಕೊಂಡಿದ್ದೆವು. ನಿಮ್ಮ ಕೈಯಲ್ಲಿರುವುದು ನಿಜವಾಗಿಯೂ ಹಿಡಿದಿಟ್ಟುಕೊಳ್ಳುತ್ತದೆ. ನೀವೋ, ಅದರ ಮುಂದೆಯೇ ಬೇಕಾದ್ದು ಹರಟುತ್ತೀರಿ. ನನಗಂತೂ ಇನ್ನೂ ಅನುಮಾನ ಹೋಗಿಲ್ಲ.

ಕಾಫಿಯ ತೇವ ನೋಡಲಿಕ್ಕೂ ಈಗ ಮೆಷೀನು ಬಂದಿದೆ. ಒಂದಿಷ್ಟು ಕಾಳು ಹಾಕಿದರೆ ಅಂಕಿ ತೋರಿಸುತ್ತದೆ. ತೋರಿಸಲಿ. ಮೊನ್ನೆ ಕಣದಲ್ಲಿ ನಾನು ಕಿವಿಯ ಮೆಷೀನು ಕಳಚಿಟ್ಟು, ಒಂದು ಹಿಡಿ ಕಾಫಿ ಎತ್ತಿ ನಿನ್ನ ಕಿವಿಗೆ ಹಿಡಿದೆನಲ್ಲ ಪುಟ್ಟಿ, ಯಾಕೆ ಅಜ್ಜಿ ಎಂದು ನೀನು ಇವತ್ತು ಕೇಳಿದೆ. ಅದಕ್ಕೇ ಇಷ್ಟು ದೊಡ್ಡ ಕಥೆ ಹೇಳಿದೆ. ನೀನು ಆಟಕ್ಕೆ ಹೊರಟಿದ್ದೆ, ತಲೆ ಆಡಿಸಿ ಓಡಿಹೋದೆ. ನೀನು ಹೋದ ಮೇಲೆ ಕಾಫಿಯನ್ನು ಮತ್ತೆ ಬಿಸಿಲಿಗೆ ಹರವಿದೆ. ನನ್ನ ಕೈ ಆಗಲೇ ಹೇಳಿತ್ತು.