ಹೆಲ್ಮೆಟ್ ಮೊಣಕೈಗೆ, ಕಿವಿ ಆನೆಗೆ

ನಮ್ಮ ಎಸ್ಟೇಟಿಗೆ ಹೋಗುವ ದಾರಿಯಲ್ಲಿ ಬಿದಿರು ಮೆಳೆಯ ತಿರುವು ಅಂತ ಒಂದು ಉಂಟು. ಸುಂಟಿಕೊಪ್ಪದ ಮೈನ್ ರೋಡ್ ಬಿಟ್ಟು ಒಳಗೆ ತಿರುಗಿ ಸ್ವಲ್ಪ ದೂರ ಬಂದರೆ ಸಿಗುತ್ತದೆ. ಅಲ್ಲಿಂದ ಆಚೆಗೆ ಎರಡು ಮೈಲಿ ರಸ್ತೆ ಆನೆಗಳದ್ದು, ಹಗಲು ಹೊತ್ತು ನಾವೂ ಬಳಸಿಕೊಳ್ಳುತ್ತೇವೆ ಅಷ್ಟೆ. ಬೆಳಗ್ಗೆ ಕೆಲಸಕ್ಕೆ ಹೋಗುವ ಬೈಕು, ಸ್ಕೂಟರುಗಳೆಲ್ಲ ಆ ತಿರುವಿನಲ್ಲಿ ಬಂದು ನಿಲ್ಲುತ್ತವೆ. ಎಂಜಿನ್ ಆಫ್ ಮಾಡುತ್ತಾರೆ. ಮೈನ್ ರೋಡಿನ ಪೊಲೀಸರಿಗೋಸ್ಕರ ಹಾಕಿಕೊಂಡು ಬಂದ ಹೆಲ್ಮೆಟ್ ತೆಗೆದು ಮೊಣಕೈಗೆ ಸಿಕ್ಕಿಸಿಕೊಳ್ಳುತ್ತಾರೆ. ಆಮೇಲೆ ಯಾರೂ ತುಟಿ ಬಿಚ್ಚುವುದಿಲ್ಲ. ತೋಟದೊಳಗೆ ಕೊಂಬೆ ಮುರಿಯುವ ಸದ್ದು ಬರುತ್ತದಾ ಅಂತ ಕಿವಿ ಕೊಟ್ಟು ಕೇಳುತ್ತಾರೆ. ಏನೂ ಇಲ್ಲ ಅಂತ ಗೊತ್ತಾದರೆ ಬರಿತಲೆಯಲ್ಲೇ ಹೊರಡುತ್ತಾರೆ, ದಾರಿಯುದ್ದಕ್ಕೂ ಕಿವಿ ತೆರೆದಿರಬೇಕಲ್ಲ!

ಈ ಪದ್ಧತಿ ಯಾರು ಶುರು ಮಾಡಿದರೋ ನನಗೆ ಗೊತ್ತಿಲ್ಲ. ನಾನು ಮದುವೆಯಾಗಿ ಈ ಕಡೆಗೆ ಬಂದಾಗಲೇ ಇತ್ತು.

ನಾನು ಆ ಎಸ್ಟೇಟಿನ ರೈಟರ್. ರೈಟರ್ ಅಂದರೆ ಕಥೆ ಬರೆಯುವವಳಲ್ಲ, ಬೆಳಗ್ಗೆ ಆಳುಗಳ ಹಾಜರಿ ಕೂಗಿ ಯಾರು ಯಾವ ಕಡೆ ಕಾಫಿ ಪಿಕ್ಕಿಂಗಿಗೆ ಹೋಗಬೇಕು ಅಂತ ಹೇಳುವವಳು. ನಮ್ಮ ಮನೆಯವರು ಅದೇ ಎಸ್ಟೇಟಿನಲ್ಲಿ ಮೆಷಿನ್ ಕೆಲಸಕ್ಕೆ ಇದ್ದಾರೆ. ಕಳೆ ಕೊಚ್ಚುವ ಮೆಷಿನ್, ಮರ ಕೊಯ್ಯುವ ಗರಗಸ, ನೀರಿನ ಪಂಪು, ಗರ್ರ್ ಅನ್ನುವುದೆಲ್ಲ ಅವರದೇ. ದಿನಾ ಅವರ ಬೈಕಿನಲ್ಲೇ ನಾನೂ ಹೋಗುವುದು. ಸೀರೆ ಉಟ್ಟವಳು, ಎರಡೂ ಕಾಲು ಎಡಗಡೆ ಹಾಕಿ ಒಂದು ಕಡೆಗೆ ಕೂರುತ್ತೇನೆ, ಬಲಗೈ ಅವರ ಹೆಗಲ ಮೇಲೆ.

ತಿರುವಿನಲ್ಲಿ ನಿಂತವರೆಲ್ಲ ನೋಡುವುದು ಇವರ ಮುಖವನ್ನೇ. ಇವರು ತಲೆ ಒಂಚೂರು ಓರೆ ಮಾಡಿ, ಕಣ್ಣು ಸಣ್ಣ ಮಾಡಿ ಕೇಳಿ, "ಏನಿಲ್ಲ, ಹೋಗುವ" ಅಂದರೆ ಏಳೆಂಟು ಬೈಕು ಒಟ್ಟಿಗೆ ಸ್ಟಾರ್ಟ್ ಆಗುತ್ತವೆ. "ಅಣ್ಣನ ಕಿವಿ ಅಂದ್ರೆ ಕಿವಿ ಮಾರಾಯ್ರೇ, ಆನೆ ಎಲೆ ಜಗಿದ್ರೂ ಕೇಳ್ತದೆ" ಅಂತ ಹೊಗಳುತ್ತಿದ್ದರು. ಒಮ್ಮೆಯೂ ಎಡವಟ್ಟು ಆಗಿರಲಿಲ್ಲ. ನನಗೆ ಹೆಮ್ಮೆ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಊರಿಗೆ ಊರೇ ಗಂಡನ ಮಾತು ಕೇಳಿ ಹೆಜ್ಜೆ ಇಟ್ಟರೆ ಯಾವ ಹೆಂಡತಿಗೆ ಬೇಡ!

ಈಗ್ಗೆ ಎರಡು ವರ್ಷದ ಹಿಂದೆ, ಮಳೆ ಬಿಡುವ ಹೊತ್ತಿಗೆ, ನಮ್ಮ ಪೋಸ್ಟ್‌ಮ್ಯಾನ್ ಬಿದ್ದ. ಆನೆ ದಾರಿಯ ನಡುವೆ ಬಿಸಿಲು ಕಾಣದ ಒಂದು ಇಳಿಜಾರು ಉಂಟು, ಅಲ್ಲಿ ಟಾರಿನ ಮೇಲೇ ಹಸಿರು ಪಾಚಿ ಕಟ್ಟುತ್ತದೆ. ಸ್ಕೂಟರ್ ಜಾರಿ ಮೋರಿಯ ಕಲ್ಲಿಗೆ ತಲೆ ಬಡಿಯಿತು. ಹೆಲ್ಮೆಟ್ ಎಲ್ಲಿತ್ತು? ಮೊಣಕೈಯಲ್ಲಿತ್ತು. ಮೊಣಕೈಗೆ ಒಂದು ಗೀರೂ ಆಗಿರಲಿಲ್ಲ. ಮಡಿಕೇರಿ ಆಸ್ಪತ್ರೆಯಲ್ಲಿ ತಲೆಗೆ ಹೊಲಿಗೆ ಹಾಕಿ, ಒಂದು ವಾರ ಮಲಗಿಸಿ ಕಳಿಸಿದರು. ನೋಡಲು ಹೋದಾಗ ಮಂಚದ ಮೇಲೆ ಕೂತು ಆ ಪುಣ್ಯಾತ್ಮ ಹೇಳುತ್ತಾನೆ, "ಏನೋ ದೇವರು ದೊಡ್ಡವನು ಅಕ್ಕ. ಬಿದ್ದಾಗ ಪುಣ್ಯಕ್ಕೆ ಆನೆ ಇರ್ಲಿಲ್ಲ."

ನನಗೆ ನಗುವುದೋ ಅಳುವುದೋ ಗೊತ್ತಾಗಲಿಲ್ಲ. ತಲೆ ತುಂಬ ಬಟ್ಟೆ ಸುತ್ತಿಕೊಂಡವನಿಗೆ ಇನ್ನೂ ಬಾರದ ಆನೆಯದ್ದೇ ಚಿಂತೆ! ಮನೆಗೆ ಬಂದರೂ ಅದೇ ಮಾತು ಕೊರೆಯುತ್ತಿತ್ತು. ಮನುಷ್ಯರು ಯಾವುದಕ್ಕೆ ಹೆದರುತ್ತಾರೆ, ಯಾವುದಕ್ಕೆ ಬೀಳುತ್ತಾರೆ? ಎರಡೂ ಒಂದೇ ಆಗಿರಬೇಡವಾ?

ನನ್ನದು ಮೊದಲಿಂದಲೂ ಮೂಗು ತೂರಿಸುವ ಬುದ್ಧಿ. ಹುಟ್ಟುಗುಣ, ಸುಟ್ಟರೂ ಹೋಗುವುದಿಲ್ಲ. ಸಿಕ್ಕಿದವರನ್ನೆಲ್ಲ ಕೇಳಲು ಶುರು ಮಾಡಿದೆ. "ಈ ದಾರಿಯಲ್ಲಿ ಆನೆ ಬಂದು ಬೈಕಿನಿಂದ ಬಿದ್ದವರು ಯಾರಿದ್ದಾರೆ ಹೇಳಿ ನೋಡುವ." ಎಲ್ಲರೂ ಆನೆ ಅಟ್ಟಿಸಿಕೊಂಡು ಬಂದ ಕಥೆ ಹೇಳಿದರು, ಬಾಲ, ಕಿವಿ, ಘೀಳು ಸಮೇತ. ಬಿದ್ದವರ ಹೆಸರು ಕೇಳಿದರೆ ತಲೆ ಕೆರೆದುಕೊಂಡರು. "ಸರಿ, ಹಾಗಾದರೆ ನೀವು ಒಮ್ಮೆಯೂ ಬಿದ್ದಿಲ್ವಾ?" ಅಂದರೆ, "ಓ, ಪಾಚಿಯಲ್ಲಿ ಜಾರಿದ್ದುಂಟು, ನಾಯಿ ಅಡ್ಡ ಬಂದದ್ದುಂಟು, ರಸ್ತೆಯಲ್ಲಿ ಕಾಫಿ ಒಣಗಿಸಿದ್ದರ ಮೇಲೆ ಹತ್ತಿಸಿದ್ದುಂಟು. ಅದೆಲ್ಲ ಆಕ್ಸಿಡೆಂಟ್ ಅಲ್ಲ ಅಕ್ಕ, ಜಾರಿದ್ದು." ಆಕ್ಸಿಡೆಂಟ್ ಅಂದರೆ ಮೈನ್ ರೋಡಿನಲ್ಲಿ ಬಸ್ಸಿಗೆ ಹೊಡೆಯಬೇಕಂತೆ. ನಮ್ಮದೇ ರಸ್ತೆಯಲ್ಲಿ ನಮಗೆ ನಾವೇ ಬಿದ್ದರೆ ಅದು ಲೆಕ್ಕಕ್ಕೇ ಇಲ್ಲ.

ಮಹಾ ಮಹಾ ವಾದಗಳು ಹೊರಬಿದ್ದವು. ಬೈಕಿಗಿಂತ ಸ್ಕೂಟರ್ ಅಪಾಯ, ಚಕ್ರ ಸಣ್ಣದು ಅಂದವರು ಉಂಟು. ಸ್ಕೂಟರೇ ಒಳ್ಳೆಯದು, ಕಾಲು ನೆಲಕ್ಕೆ ತಾಗುತ್ತದೆ ಅಂದವರೂ ಉಂಟು. ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡಿ ಬಿಟ್ಟರೆ ಹೆದರಿಕೆಯೇ ಇಲ್ಲವಂತೆ, ಸ್ಪೀಡ್ ಕೊಡುವುದು ಎಂಜಿನ್ ತಾನೆ! ನಮ್ಮ ಅತ್ತೆಯ ವಾದ ಎಲ್ಲಕ್ಕಿಂತ ಚಂದ. ಹೆಂಗಸರು ಒಂದು ಕಡೆಗೇ ಕಾಲು ಹಾಕಿ ಕೂರಬೇಕು, ಆನೆ ಬಂದರೆ ಹಾರಿಕೊಳ್ಳಲು ಸುಲಭ.

ಕೊನೆಗೆ ಆನೆ ಓಡಿಸುವ ವಾಚರ್ ಒಬ್ಬರನ್ನು ಕೇಳಿದೆ. ಕಾಡಿನಲ್ಲೇ ತಲೆ ನರೆತವರು. ಅವರು ನಕ್ಕುಬಿಟ್ಟರು. "ನಡೆಯುವ ಆನೆ ಬೆಕ್ಕಿಗಿಂತ ಮೆಲ್ಲ ಬರ್ತದೆ ತಂಗಿ. ಹೆಲ್ಮೆಟ್ ಇರಲಿ ಬಿಡಲಿ, ನಿಂಗೆ ಕೇಳೋದಿಲ್ಲ. ತಿನ್ನುವ ಆನೆ ಮರ ಮುರೀತದೆ. ಅದು ಹೆಲ್ಮೆಟ್ ಹಾಕಿದ್ರೂ ಕೇಳ್ತದೆ."

ಇಷ್ಟು ಸಾಕಾಯಿತು ನನಗೆ. ನಮ್ಮವರ ಹತ್ತಿರ ಇದ್ದದ್ದು ರಸ್ತೆ ಬದಿಯಲ್ಲಿ ಮಾರುವ ಬೋಗುಣಿಯಂಥ ಹೆಲ್ಮೆಟ್. ಅವರು ಪೇಪರ್ ಓದುತ್ತಾ ಕೂತಿದ್ದಾಗ ಹಿಂದಿನಿಂದ ಟೇಪು ಹಿಡಿದು ತಲೆ ಅಳೆದೆ. "ಎಂಥ ಮಾಡ್ತಿದ್ದೀಯ?" ಅಂದರು. "ಪೇಟ ಹೊಲೀತೇನೆ" ಅಂದೆ. ಅದಕ್ಕೆ ಏನೂ ಹೇಳಲಿಲ್ಲ, ಪುಟ ತಿರುಗಿಸಿದರು. ಆಗಲೇ ನನಗೆ ಗೊತ್ತಾಗಬೇಕಿತ್ತು. ಭಾನುವಾರ ಕುಶಾಲನಗರಕ್ಕೆ ಹೋಗಿ ಗಲ್ಲದವರೆಗೂ ಮುಚ್ಚುವ ಒಳ್ಳೆಯ ಹೆಲ್ಮೆಟ್ ತಂದೆ.

ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ ಪಕ್ಕಕ್ಕೆ ಇಟ್ಟರು. "ಬೇಡ. ಕಿವಿ ಮುಚ್ತದೆ."

ವಾಚರ್ ಹೇಳಿದ್ದನ್ನು ಹೇಳಿದೆ. ಪೋಸ್ಟ್‌ಮ್ಯಾನ್ ತಲೆಯ ಹೊಲಿಗೆ ನೆನಪಿಸಿದೆ. ಬೈದೆ. ಒಂದು ಹೊತ್ತು ಊಟ ಬಿಟ್ಟೆ, ನನಗೇ ಹಸಿವಾಯಿತು. "ಎಲ್ಲರೂ ನನ್ನ ಕಿವಿ ನಂಬಿ ಬರ್ತಾರೆ, ನಾನೇ ಮುಚ್ಚಿಕೊಂಡ್ರೆ ಹೇಗೆ?" ಅಂದರು. ಗಂಡಸರ ಹಠಕ್ಕೆ ಮದ್ದಿಲ್ಲ ಅಂದುಕೊಂಡೆ.

ಪಿಕ್ಕಿಂಗ್ ಶುರುವಾಗುವ ದಿನ. ಬೇಗ ಹೊರಟಿದ್ದೆವು. ಹೊಸ ಹೆಲ್ಮೆಟ್ಟನ್ನು ನಾನು ಮಡಿಲಲ್ಲಿ ಇಟ್ಟುಕೊಂಡು ಎರಡೂ ಕೈಯಲ್ಲಿ ತಬ್ಬಿ ಹಿಡಿದು ಕೂತಿದ್ದೆ. ತಿರುವು ದಾಟಿದ ಮೇಲೆ ಇವತ್ತು ಹಾಕಿಸಿಯೇ ಬಿಡುವುದು ಅಂತ ಹಠ. ತಿರುವಿಗೆ ಬಂದಾಗ ನಾವಿಬ್ಬರೇ, ಬೇರೆ ಬೈಕು ಇನ್ನೂ ಬಂದಿರಲಿಲ್ಲ. ಇವರು ಎಂಜಿನ್ ಆಫ್ ಮಾಡಿ, ಬೋಗುಣಿ ತೆಗೆದು ಮೊಣಕೈಗೆ ಹಾಕಿ, ತಲೆ ಓರೆ ಮಾಡಿದರು.

ನನಗೆ ಕೇಳಿತು. ಬಲಗಡೆ ತೋಟದಲ್ಲಿ ಲಟಕ್ ಅಂತ ಕೊಂಬೆ ಮುರಿಯಿತು. ಅದರ ಹಿಂದೆಯೇ ಗುಡುಗುಡು ಅಂತ ಆನೆಯ ಹೊಟ್ಟೆಯ ಸದ್ದು, ಅಷ್ಟು ಹತ್ತಿರ.

"ಏನಿಲ್ಲ, ಹೋಗುವ" ಅಂದರು ಇವರು.

ತಮಾಷೆ ಮಾಡುತ್ತಿದ್ದಾರೆ ಅಂದುಕೊಳ್ಳುವಷ್ಟರಲ್ಲಿ ಬೈಕು ಸ್ಟಾರ್ಟ್ ಆಗಿ ಮುಂದಕ್ಕೆ ಹೋಯಿತು. "ನಿಲ್ಸಿ!" ಅಂದೆ. ನಿಲ್ಲಿಸಲಿಲ್ಲ. "ಅಯ್ಯೋ ದೇವರೇ, ನಿಲ್ಸಿ ಅಂದೆ!" ಇಲ್ಲ. ಆಗ ನಾನು ಮಾಡಿದ್ದು ಅತ್ತೆ ಹೇಳಿದ್ದನ್ನೇ, ಹಾರಿಬಿಟ್ಟೆ. ಹಾರಿಕೊಳ್ಳಲು ಸುಲಭ ಅನ್ನುವುದು ಶುದ್ಧ ಸುಳ್ಳು. ಮೊಣಕಾಲು, ಅಂಗೈ ಎಲ್ಲ ಕಿತ್ತುಹೋಗಿ ರಸ್ತೆ ಮೇಲೆ ಬಿದ್ದಿದ್ದೆ. ಹೆಲ್ಮೆಟ್ ಉರುಳಿಕೊಂಡು ಚರಂಡಿಗೆ ಹೋಯಿತು. ಬೈಕು ಹಗುರಾದದ್ದು ಗೊತ್ತಾಗಿ ಇವರು ಬ್ರೇಕ್ ಹಾಕಿ ತಿರುಗಿ ನೋಡಿದರು. ಅದೇ ಹೊತ್ತಿಗೆ ಅವರ ಮುಂದೆ ಇಪ್ಪತ್ತು ಮಾರು ದೂರದಲ್ಲಿ ತಾಯಾನೆ ರಸ್ತೆಗೆ ಇಳಿಯಿತು. ಮರಿ ಹಿಂದೆ ಇತ್ತು. ಅವರು ಅದನ್ನು ನೋಡಿಯೇ ಇಲ್ಲ, ನನ್ನನ್ನು ನೋಡುತ್ತಿದ್ದಾರೆ. ನಾನು ಕೈ ತೋರಿಸಿದೆ. ತಿರುಗಿದವರು ಎಂಜಿನ್ ಆಫ್ ಮಾಡಿ ಕಲ್ಲಾಗಿ ನಿಂತರು. ಆನೆ ನಮ್ಮನ್ನು ಒಮ್ಮೆ ನೋಡಿ, ಮರಿಯನ್ನು ಮುಂದೆ ದೂಡಿಕೊಂಡು ಎಡಗಡೆ ತೋಟಕ್ಕೆ ಇಳಿದು ಹೋಯಿತು.

ಅವರು ಬೈಕು ನಿಲ್ಲಿಸಿ ಹತ್ತಿರ ಬಂದರು. ಮುಖದಲ್ಲಿ ರಕ್ತ ಇರಲಿಲ್ಲ. ನಾನು ಬೈಯಲು ಬಾಯಿ ತೆರೆಯುವ ಮೊದಲೇ ಅವರೇ ಕೇಳಿದರು, "ಕೈ ಯಾಕೆ ತೆಗೆದೆ?"

"ಎಂಥ ಕೈ?"

"ಹೆಗಲ ಮೇಲಿನ ಕೈ."

ರಸ್ತೆ ಬದಿಯಲ್ಲೇ ಕೂತು ಎಲ್ಲ ಹೇಳಿದರು. ಕಿವಿ ಹೋಗುತ್ತಾ ಬಂದು ಎರಡು ವರ್ಷವಾಗಿತ್ತಂತೆ. ಗರಗಸದ ಹತ್ತಿರ ನಿಂತು ನಿಂತು ಮೊದಲು ಎಡಗಿವಿ, ಆಮೇಲೆ ಬಲಗಿವಿ. ಎದುರು ನಿಂತು ಮಾತಾಡಿದರೆ ತುಟಿ ನೋಡಿ ತಿಳಿಯುತ್ತದೆ, ಹಿಂದಿನಿಂದ ಏನೂ ಇಲ್ಲ. ತಿರುವಿನಲ್ಲಿ ಏನಾದರೂ ಸದ್ದಾದರೆ ನನ್ನ ಬೆರಳು ಅವರ ಹೆಗಲನ್ನು ಗಟ್ಟಿಯಾಗಿ ಒತ್ತುತ್ತಿತ್ತಂತೆ. ನನಗೇ ಗೊತ್ತಿರಲಿಲ್ಲ. ಬೆರಳು ಸಡಿಲ ಇದ್ದರೆ ಅವರು "ಏನಿಲ್ಲ, ಹೋಗುವ" ಅನ್ನುತ್ತಿದ್ದರು. ಎರಡು ವರ್ಷ ಆ ದಾರಿಯಲ್ಲಿ ಹೋದ ಬೈಕುಗಳೆಲ್ಲ ಹೋದದ್ದು ನನ್ನ ಬೆರಳು ನಂಬಿ. ಅವತ್ತು ನನ್ನ ಎರಡೂ ಕೈಯಲ್ಲಿ ಹೆಲ್ಮೆಟ್ ಇತ್ತು. ಹೆಗಲ ಮೇಲೆ ಏನೂ ಒತ್ತಲಿಲ್ಲ, ಅದಕ್ಕೇ ಹೊರಟುಬಿಟ್ಟರು. ಕೈಯೇ ಇರಲಿಲ್ಲ ಅಂತ ಹೊಳೆದದ್ದು ಬೈಕು ಹಗುರಾದ ಮೇಲಂತೆ.

"ನಾನು ರಜೆ ಹಾಕಿದ ದಿನ?" ಅಂತ ಕೇಳಿದೆ.

"ಆ ದಿನ ಈ ದಾರಿಯಲ್ಲಿ ಬಂದೇ ಇಲ್ಲ. ಮೈನ್ ರೋಡಿನಲ್ಲೇ ಅಷ್ಟು ದೂರ ಸುತ್ತಿಕೊಂಡು ಹೋಗ್ತಿದ್ದೆ."

"ನಂಗ್ಯಾಕೆ ಹೇಳ್ಲಿಲ್ಲ?"

"ಕಿವುಡ ಅಂತ ಗೊತ್ತಾದ್ರೆ ಮೆಷಿನ್ ಕೊಡ್ತಾರಾ? ಅವರೆಲ್ಲ ನನ್ನ ಮುಖ ನೋಡ್ತಾರಾ?"

ಸಿಟ್ಟು ಬಂತು, ಕಣ್ಣೀರೂ ಬಂತು. ಹೆಲ್ಮೆಟ್ ಬೇಡ ಅಂದದ್ದು ಕಿವಿ ಮುಚ್ಚುತ್ತದೆ ಅಂತ ಅಲ್ಲ. ಹೆಲ್ಮೆಟ್ ತೆಗೆದು ತಲೆ ಓರೆ ಮಾಡುವುದನ್ನು ಬಿಟ್ಟರೆ ಈ ಮನುಷ್ಯನಿಗೆ ತಿರುವಿನಲ್ಲಿ ಬೇರೆ ಕೆಲಸವೇ ಇರಲಿಲ್ಲ.

ಒಂದು ವಾರ ಮೈನ್ ರೋಡಿನಲ್ಲೇ ಸುತ್ತಿ ಹೋದೆವು. ಬಿಸಿ ತುಪ್ಪದ ಕಥೆ ನನ್ನದು, ನುಂಗಲೂ ಆಗದು ಉಗುಳಲೂ ಆಗದು. ತಿರುವಿನಲ್ಲಿ ಜನ ಕಾದು ಕಾದು, ತಮಗೆ ತಾವೇ ಧೈರ್ಯ ಸಾಲದೆ ಹಾಜರಿಗೆ ತಡವಾಗಿ ಬರುತ್ತಿದ್ದರು. "ಅಣ್ಣ ಎಲ್ಲಿ ಅಕ್ಕ? ಅಣ್ಣ ಇಲ್ದೆ ಹೊರಡೋದು ಹೇಗೆ?" ಅಂತ ನನ್ನನ್ನೇ ಕೇಳುತ್ತಿದ್ದರು. ನಾನು ಹಾಜರಿ ಕೂಗಿದೆ. ಇವರೂ ಎಲ್ಲ ನೋಡುತ್ತಿದ್ದರು.

ಎಂಟನೇ ದಿನ ಇವರೇ ಬೈಕನ್ನು ಹಳೇ ದಾರಿಗೆ ತಿರುಗಿಸಿದರು. ಚರಂಡಿಗೆ ಬಿದ್ದು ಗೀರಾದ ಆ ಹೆಲ್ಮೆಟ್ ಅವರ ತಲೆಯಲ್ಲಿತ್ತು. ನನಗೂ ಒಂದು ತಂದಿದ್ದರು. ತಿರುವಿನಲ್ಲಿ ಏಳೆಂಟು ಬೈಕು ಆಗಲೇ ನಿಂತಿದ್ದವು. ಇವರು ಎಂಜಿನ್ ಆಫ್ ಮಾಡಿದರು, ಹೆಲ್ಮೆಟ್ ತೆಗೆಯಲಿಲ್ಲ, ಗಾಜು ಮಾತ್ರ ಮೇಲೆತ್ತಿದರು.

"ಕೇಳಿ ಎಲ್ಲರೂ. ನಂಗೆ ಎರಡು ವರ್ಷದಿಂದ ಕಿವಿ ಕೇಳೋದಿಲ್ಲ. ಇಷ್ಟು ದಿನ ಹೋಗುವ ಅಂದದ್ದು ಇವಳ ಕೈ ನಂಬಿ. ಪಾಚಿಯಲ್ಲಿ ಬಿದ್ರೆ ತಲೆಗೆ ಇದು ಬೇಕು, ಅದಕ್ಕೆ ಹಾಕಿದ್ದೇನೆ. ನೀವೂ ಹಾಕಿ."

ಮೊದಲು ಪೋಸ್ಟ್‌ಮ್ಯಾನ್ ಕಿಸಕ್ಕನೆ ನಕ್ಕ. ಅವನ ಹಿಂದೆ ಎಲ್ಲರೂ ನಕ್ಕರು. "ಅಣ್ಣನ ತಮಾಷೆ ನೋಡಿ! ಹೆಂಡತಿಗೆ ಹೆದರಿ ಹೆಲ್ಮೆಟ್ ಹಾಕಿದ್ದಕ್ಕೆ ಎಂಥ ಕಥೆ!" ಒಬ್ಬರೂ ನಂಬಲಿಲ್ಲ. ನಂಬದೇ ಇದ್ದದ್ದಷ್ಟೇ ಅಲ್ಲ, ಪೋಸ್ಟ್‌ಮ್ಯಾನ್ ಇನ್ನೊಬ್ಬನಿಗೆ ಹೇಳುತ್ತಿದ್ದ, "ಅಣ್ಣಂಗೆ ಹೆಲ್ಮೆಟ್ ಹಾಕಿಯೂ ಕೇಳ್ತದೆ ಅಂದ್ಮೇಲೆ ನಮ್ದೇನು!" ಹೇಳಿ ಮೊಣಕೈಯಿಂದ ತೆಗೆದು ತಲೆಗೆ ಹಾಕಿಕೊಂಡ. ಇನ್ನೂ ಮೂರು ಜನ ಹಾಕಿಕೊಂಡರು. ತಿಂಗಳುಗಟ್ಟಲೆ ಬಾಯಿ ಬಡಿದುಕೊಂಡರೂ ನಾನು ಒಂದು ತಲೆಗೂ ಹಾಕಿಸಲಿಲ್ಲ. ಇವರು ನಿಜ ಹೇಳಿದರು, ಅದನ್ನು ಸುಳ್ಳು ಅಂದುಕೊಂಡು ನಾಲ್ಕು ಜನ ಹಾಕಿದರು! ಈಗಲೂ ನೆನೆಸಿಕೊಂಡರೆ ಸೋಜಿಗ ನನಗೆ.

ಇವರು ನಗಲಿಲ್ಲ. ಹಿಂದಕ್ಕೆ ತಿರುಗಿ ನನ್ನ ಮುಖ ನೋಡಿದರು, ಮತ್ತೆ ಮುಂದೆ ನೋಡುತ್ತಾ ಕೂತರು. ನಗು ನಿಂತಿತು. ಅಷ್ಟೂ ಜನ ಇವರ ಮುಖ ನೋಡುತ್ತಾ ಕಾದರು. ನಾನು ಬಲಗೈ ಹೆಗಲ ಮೇಲೆ ಇಟ್ಟೆ. ಎರಡು ವರ್ಷ ಸುಮ್ಮನೆ ಇಟ್ಟ ಕೈ, ಅವತ್ತು ಗೊತ್ತಿದ್ದು ಇಟ್ಟೆ. ಹೆಲ್ಮೆಟ್ಟಿನೊಳಗಿಂದಲೂ ಎಲ್ಲ ಕೇಳುತ್ತಿತ್ತು. ಎಲ್ಲೋ ಮರಕುಟಿಗ ಕುಟ್ಟುವುದು, ದೂರದಲ್ಲಿ ಬಸ್ಸಿನ ಹಾರನ್, ಪೋಸ್ಟ್‌ಮ್ಯಾನ್ ಗಂಟಲು ಸರಿಮಾಡಿಕೊಂಡದ್ದು. ಬಲಗಡೆ ಕೇಳಿದೆ, ಎಡಗಡೆ ಕೇಳಿದೆ. ಮತ್ತೊಮ್ಮೆ ಬಲಗಡೆ ಕೇಳಿದೆ. ಆಮೇಲೆ ಬೆರಳು ಸಡಿಲ ಬಿಟ್ಟೆ.

"ಏನಿಲ್ಲ, ಹೋಗುವ" ಅಂದರು ಇವರು.