ಕೊಟ್ಟೂರ ರಸ್ತೆಯಲ್ಲಿ ಕುಡಿದ ಮಜ್ಜಿಗೆ

ನಮ್ಮ ಬಾಡಿಗೆ ಮನೆಯ ಒಡತಿ ಕೊಟ್ರಮ್ಮ ಒಂದು ಸೋಮವಾರ ಬೆಳಿಗ್ಗೆ, ನಡುರಸ್ತೆಯಲ್ಲಿ, ನನ್ನ ಕಾಲಿಗೆ ಒಂದು ತಂಬಿಗೆ ನೀರು ಸುರಿದು ಬಗ್ಗಿ ನಮಸ್ಕಾರ ಮಾಡಿದರು. ಹಿಂದಿನ ದಿನದವರೆಗೂ ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದ ಹೆಂಗಸು. ನಾನು ಗಾಬರಿಯಿಂದ ಎರಡು ಹೆಜ್ಜೆ ಹಿಂದೆ ಸರಿದೆ.

ಯಜಮಾನರಿಗೆ ಇಲ್ಲಿನ ಬಸ್ ಡಿಪೋಗೆ ವರ್ಗವಾಗಿ ನಾವು ಮಳವಳ್ಳಿಯಿಂದ ಹಗರಿಬೊಮ್ಮನಹಳ್ಳಿಗೆ ಬಂದು ಆಗ ಆರು ತಿಂಗಳು. ಮೊದಲ ದಿನದಿಂದಲೇ ಈ ಊರು ನನಗೆ ಸೇರಲಿಲ್ಲ, ಊರಿಗೂ ನಾನು ಸೇರಲಿಲ್ಲ. ನಮ್ಮಲ್ಲಿ ನಾಲೆಯ ಪಕ್ಕ ಗಾಳಿಯೂ ತಣ್ಣಗಿರುತ್ತದೆ. ಇಲ್ಲಿ ಎಂಟು ಗಂಟೆಗೇ ಬಿಸಿಲು ಕೆನ್ನೆಗೆ ಹೊಡೆಯುತ್ತದೆ. ನಲ್ಲಿ ನೀರು ದಿನ ಬಿಟ್ಟು ದಿನ, ಅದೂ ಕೆಳಗೆ ಮಾತ್ರ. ಮಹಡಿಗೆ ನಾನೇ ಕೊಡ ಹೊರಬೇಕು. ನಾನು ನಮ್ಮ ಕಡೆಯ ಧಾಟಿಯಲ್ಲಿ 'ಬನ್ನಿ ಕೂತ್ಕೊಳ್ಳಿ' ಅಂದರೆ ಬೀದಿಯ ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು.

ಊಟದಲ್ಲಿ ಮೋಸ ಹೋದದ್ದು ಮಾತ್ರ ನನ್ನದೇ ತಪ್ಪು. ನಮ್ಮಲ್ಲಿ ಒಂದು ಮುದ್ದೆ ನುಂಗಿದರೆ ಹೊಟ್ಟೆಗೆ ಗೊತ್ತಾಗುತ್ತದೆ. ಇಲ್ಲಿನ ಜೋಳದ ರೊಟ್ಟಿ ಕಾಗದದ ಹಾಗೆ ತೆಳ್ಳಗಿತ್ತು. ಹಗುರ ಅಂದುಕೊಂಡು ಐದು ತಿಂದೆ, ಪ್ರತಿಯೊಂದಕ್ಕೂ ಶೇಂಗಾ ಹಿಂಡಿ ಎಂಬ ಕಡಲೆಕಾಯಿ ಪುಡಿ, ಅದರ ಮೇಲೆ ಎಣ್ಣೆ. ಸಂಜೆಗೆ ಮಂಡಕ್ಕಿ, ಜೊತೆಗೆ ಮೆಣಸಿನಕಾಯಿ ಬಜ್ಜಿ. ಐದು ತಿಂಗಳಲ್ಲಿ ರವಿಕೆಯ ಹೊಲಿಗೆಗಳೆಲ್ಲ ಬಿಟ್ಟವು, ಮಂಡಿ ಹಿಡಿಯಿತು. ಡಾಕ್ಟರು ರಕ್ತದ ಚೀಟಿ ನೋಡಿ, ಸಕ್ಕರೆ ಅಂಚಿನಲ್ಲಿದೆ, ಮೂರು ತಿಂಗಳಲ್ಲಿ ತೂಕ ಇಳಿಸಿ, ಇಲ್ಲದಿದ್ದರೆ ಗುಳಿಗೆ ಶುರು ಮಾಡುತ್ತೇನೆ ಅಂದರು. ನಮ್ಮ ಅವ್ವನ ಎಡಗಾಲಿನ ಬೆರಳುಗಳು ಇದೇ ಕಾಯಿಲೆಗೆ ಒಂದೊಂದಾಗಿ ಹೋದದ್ದನ್ನು ನೋಡಿದವಳು ನಾನು. ಅವ್ವನದೂ ಗುಳಿಗೆಯಿಂದಲೇ ಶುರುವಾಗಿತ್ತು.

ಟೈರ್ ಅಂಗಡಿಯ ಮೇಲೊಂದು ಜಿಮ್ ಇತ್ತು. ಅಲ್ಲಿ ಹೆಂಗಸರಿಲ್ಲ, ಅದರ ಫೀಸಿಗೆ ನಮ್ಮ ಮನೆಯ ತಿಂಗಳ ದಿನಸಿ ಬರುತ್ತದೆ. ಹಾಗಾಗಿ ಎರಡು ಕಾಲು, ಎರಡು ಕೊಡ, ಇವೇ ನನ್ನ ಜಿಮ್ ಆದವು. ರೊಟ್ಟಿ ಎರಡಕ್ಕೆ ಇಳಿಯಿತು. ನಾವು ಸೊಪ್ಪನ್ನು ಬೇಯಿಸದೆ ಮುಟ್ಟುವವರಲ್ಲ. ಇಲ್ಲಿಯವರು ಹಸಿ ಮೆಂತ್ಯ, ಸೌತೆಕಾಯಿ, ಈರುಳ್ಳಿಯನ್ನು ರೊಟ್ಟಿಯ ಜೊತೆ ಹಾಗೇ ಕಡಿಯುತ್ತಾರೆ. ದನದ ಮೇವು ಅಂತ ಬೈದುಕೊಂಡೇ ಅಭ್ಯಾಸ ಮಾಡಿಕೊಂಡೆ. ಅಗ್ಗ, ಹೊಟ್ಟೆಯೂ ತುಂಬುತ್ತಿತ್ತು.

ಕೊಟ್ರಮ್ಮ ಮುನಿಸಿಕೊಂಡದ್ದು ಆಗಲೇ. ಹಬ್ಬಕ್ಕೆ ತಂದ ಹೋಳಿಗೆಯನ್ನು ನಾನು ಬೇಡವೆಂದೆ.

"ಯಾಕವಾ, ನಮ್ಮ ಮನಿ ಹೋಳಿಗಿ ನಿನ್ನ ಬಾಯಿಗೆ ಹಿಡಿಯಂಗಿಲ್ಲೇನು? ನಿಮ್ಮ ಮೈಸೂರು ಕಡಿಯವರು ಬಲು ಸೊಕ್ಕಿನವರು ಬಿಡು!" ಎಂದು ತಟ್ಟೆ ಎತ್ತಿಕೊಂಡು ಇಳಿದು ಹೋದರು.

ನಡಿಗೆ ಅದಕ್ಕಿಂತ ಕಷ್ಟವಾಯಿತು. ಇಲ್ಲಿ ಕೆಲಸವಿಲ್ಲದೆ ಹೆಂಗಸು ರಸ್ತೆಯಲ್ಲಿ ನಡೆಯುವುದಿಲ್ಲ. ಬೈಕಿನವರು ನಿಲ್ಲಿಸಿ ಕೇಳುತ್ತಿದ್ದರು: "ಗಂಡನ ಕೂಡ ಜಗಳಾಡಿ ಹೊಂಟೀರೇನ್ರಿ? ಹತ್ರಿ, ಬಸ್ ಸ್ಟ್ಯಾಂಡಿಗೆ ಬಿಡ್ತೀನಿ." ದಿನಕ್ಕೆ ನಾಲ್ಕು ಸಲ ಇದೇ ಪ್ರಶ್ನೆ.

ಆ ಸೋಮವಾರ ಚಪ್ಪಲಿಯ ಉಂಗುಷ್ಠ ಕಿತ್ತುಹೋಗಿ, ಕೊಟ್ಟೂರ ರಸ್ತೆಯಲ್ಲಿ ಬರಿಗಾಲಲ್ಲಿ ನಡೆಯುತ್ತಿದ್ದೆ. ಹೊಟ್ಟೆಗೆ ಏನೂ ಹಾಕಿರಲಿಲ್ಲ. ಬಾವಿಯಿಂದ ನೀರು ತರುತ್ತಿದ್ದ ಕೊಟ್ರಮ್ಮ ನಿಂತು ನೋಡಿದರು.

"ಉಪಾಸ ಅದಿಯೇನು?"

ಹೌದೆಂದೆ.

"ಕೊಟ್ಟೂರಿಗೆ ನಡಕೊಂತ ಹೋಗೋ ಹರಕಿ ಐತೇನು? ಅದಕ್ಕ ದಿನಾ ರೂಢಿ ಮಾಡ್ಕೊಳ್ಳಾಕತ್ತೀಯ?"

ಕೊಟ್ಟೂರೇಶ್ವರನಿಗೆ ಹರಕೆ ಹೊತ್ತು ಕಾಲ್ನಡಿಗೆಯಲ್ಲಿ ಹೋಗುವುದು ಈ ಸೀಮೆಯ ಪದ್ಧತಿ. ಹೋಗುವವರ ಕಾಲು ತೊಳೆದು, ಮಜ್ಜಿಗೆಯೋ ಪಾನಕವೋ ಕೊಟ್ಟರೆ ಕೊಟ್ಟವರಿಗೂ ಅರ್ಧ ಪುಣ್ಯ ಎನ್ನುತ್ತಾರೆ. ಇದು ನನಗೆ ಆಗ ಗೊತ್ತಿರಲಿಲ್ಲ. ಪ್ರಶ್ನೆಗಳು ಸಾಕಾಗಿದ್ದವು, ಸುಮ್ಮನೆ ಹೌದೆಂದು ತಲೆಯಾಡಿಸಿದೆ. ಕಾಲಿಗೆ ನೀರು ಬಿತ್ತು.

ಅಂದಿನಿಂದ ಪ್ರತಿ ಸೋಮವಾರ ಬಾಗಿಲಲ್ಲಿ ಉಪ್ಪು ಹಾಕಿದ ಒಂದು ಚೊಂಬು ಮಜ್ಜಿಗೆ. ಹರಕೆಯ ಸುದ್ದಿ ಹಬ್ಬಿ, ಬೈಕಿನವರೂ ತಡೆಯುವುದನ್ನು ಬಿಟ್ಟು ಕೈಮುಗಿದು ಹೋಗತೊಡಗಿದರು. ನಾನು ನಿಜ ಹೇಳಲಿಲ್ಲ. ಏಳು ಚೊಂಬು ಕುಡಿದೆ.

ತೂಕ ನೋಡಿಕೊಳ್ಳುತ್ತಿದ್ದದ್ದು ಹುಸೇನ್ ಸಾಬರ ಗುಜರಿ ಅಂಗಡಿಯ ತಕ್ಕಡಿಯಲ್ಲಿ. ಹಳೇ ಕಬ್ಬಿಣ ತೂಗುವ ಹಲಗೆಯ ಮೇಲೆ ನಾನು ಹತ್ತಿದರೆ ಅವರು ಗೊಣಗುತ್ತಿದ್ದರು: "ಅಕ್ಕಾರ, ನಿಮ್ಮನ್ನ ತೂಗಿ ನಾನೇನು ಮಾಡ್ಲಿ? ಮಾರಾಕ ಬರಂಗಿಲ್ಲ, ಇಟ್ಕೊಳ್ಳಾಕ ಬರಂಗಿಲ್ಲ."

ಒಂದು ದಿನ ನಾನು ಹಲಗೆಯ ಮೇಲಿದ್ದಾಗಲೇ ಕೊಟ್ರಮ್ಮ ತೂತು ಬಿದ್ದ ಬಕೆಟ್ ಹಿಡಿದು ಬಂದರು.

"ಇದೇನು, ಇಲ್ಲಿ ನಿಂತೀಯಲ್ಲ?"

ನಾನು ಬಾಯಿ ತೆರೆಯುವಷ್ಟರಲ್ಲಿ ಸಾಬರು ಹೇಳಿಬಿಟ್ಟರು. "ಹೊಟ್ಟಿ ಕರಗಸಾಕ ದಿನಾ ನಡೀತಾರಲ್ರಿ. ಐದು ಕೆಜಿ ಇಳದಾರ, ಪಾಪ."

ಕೊಟ್ರಮ್ಮನ ಕೈಯಿಂದ ಬಕೆಟ್ ಬಿತ್ತು. "ಹೊಟ್ಟಿ ಕರಗಸಾಕ! ಹೊಟ್ಟಿ ಕರಗಸೋ ಹೆಣ್ಣಿನ ಕಾಲು ತೊಳದ್ನೇ ನಾನು?"

ಇಡೀ ಬೀದಿಗೆ ಕೇಳಿಸಿತು. ಅಮ್ಮಾ, ತಪ್ಪಾಯ್ತು ಅಂದೆ. ಸಂಜೆ ಅವರು ಮಹಡಿ ಹತ್ತಿ ಬಂದರು, ಕೂರಲಿಲ್ಲ.

"ಕುಡದ ಮಜ್ಜಿಗಿ ತಿರುಗಿ ಕೊಡಾಕ ಬರಂಗಿಲ್ಲ. ಅಮಾಸಿಗೆ ಕೊಟ್ಟೂರಿಗೆ ನಡಿ. ಇಲ್ಲಾ, ಮನಿ ಖಾಲಿ ಮಾಡು. ನೀ ನಡುದಾರ್ಯಾಗ ಬಸ್ ಹತ್ತಾಕಿ, ಅದಕ್ಕ ನಾನೂ ಹಿಂದ ಬರ್ತೀನಿ."

ಭಕ್ತಿಯಿಂದಲ್ಲ, ಹಟದಿಂದ ನಡೆದೆ. ನಸುಕಿನಲ್ಲಿ ಹೊರಟೆವು. ದಾರಿಯುದ್ದಕ್ಕೂ ಬೆಲ್ಲದ ಪಾನಕ, ಪಾಯಸ, ಸಕ್ಕರೆ ಸುರಿದ ಚಹಾ. ಹರಕೆ ಹೊತ್ತವರು, ಯಾರು ಏನೇ ಕೊಟ್ಟರೂ ಬೇಡ ಎನ್ನುವಂತಿಲ್ಲ. ಮೊದಲ ಲೋಟಕ್ಕೆ ನಾನು ಕೈ ಚಾಚಿದಾಗ ಹಿಂದಿನಿಂದ ಕೊಟ್ರಮ್ಮ ಕೂಗಿದರು: "ಆಕಿಗೆ ಸಿಹಿ ಕೊಡಬ್ಯಾಡ್ರಿ! ಆಕಿ ಪಾಲಿಂದು ನನಗ ಕೊಡ್ರಿ!" ನನ್ನ ಪಾಲಿನದನ್ನೆಲ್ಲ ಕೊಟ್ಟೂರಿನವರೆಗೂ ಅವರೇ ಕುಡಿದರು, ಪ್ರತಿ ಲೋಟಕ್ಕೂ ನನ್ನನ್ನು ದುರುಗುಟ್ಟಿ ನೋಡುತ್ತ. ಸಂಜೆ ಬಸ್ಸಿನಲ್ಲಿ ತಿರುಗಿ ಬರುವಾಗ ಒಂದೇ ಮಾತು: "ಮಜ್ಜಿಗಿ ಸಾಲ ತೀರಿತು. ಸುಳ್ಳಿಂದು ತೀರಿಲ್ಲ."

ಮೂರು ತಿಂಗಳಿಗೆ ಆರೂವರೆ ಕೆಜಿ ಇಳಿದಿದ್ದೆ. ಡಾಕ್ಟರು ಚೀಟಿ ನೋಡಿ, ಸದ್ಯ ಗುಳಿಗೆ ಬೇಡ, ಹೀಗೇ ನಡೆಯುತ್ತಿರಿ ಅಂದರು. ಆಚೆ ಬಂದು ಮೆಟ್ಟಿಲ ಮೇಲೆ ಕೂತು ನನ್ನ ಹತ್ತೂ ಕಾಲ್ಬೆರಳುಗಳನ್ನು ನೋಡಿಕೊಂಡೆ.

ಆ ಖುಷಿಯಲ್ಲಿ ಹತ್ತು ದಿನ ಮಳವಳ್ಳಿಗೆ ಹೋದೆ. ಅಕ್ಕ ನೋಡಿದವಳೇ ಗಲ್ಲ ಹಿಡಿದಳು. "ಇದೇನಮ್ಮಿ, ಇಂಗ್ ಒಣಗೋಗಿದ್ದೀಯ? ಅಲ್ಲಿ ಊಟಕ್ಕಾಕಲ್ವಾ ನಿಂಗೆ?" ಎರಡು ಮುದ್ದೆ, ಬಸ್ಸಾರು, ಮೇಲೆ ತುಪ್ಪ. ಹಸಿ ಮೆಂತ್ಯ ಕೇಳಿದರೆ ನಕ್ಕಳು. ಬೆಳಿಗ್ಗೆ ನಾಲೆ ಏರಿಯ ಮೇಲೆ ನಡೆಯಲು ಹೋದೆ. ತಣ್ಣಗಿತ್ತು. ನೆರಳಿತ್ತು. ಯಾರೂ ಎಲ್ಲಿಗೆ ಎಂದು ಕೇಳಲಿಲ್ಲ. ಅರ್ಧ ದಾರಿಗೆ ಬೇಸರವಾಗಿ ತಿರುಗಿ ಬಂದು ಮಲಗಿದೆ. ಉಳಿದ ದಿನ ಹೋಗಲೇ ಇಲ್ಲ.

ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸಿಳಿದಾಗ ಅದೇ ಧೂಳು, ಅದೇ ಕೆಟ್ಟ ಬಿಸಿಲು. ಕೊಟ್ರಮ್ಮ ಬಾಗಿಲಲ್ಲಿ ನನ್ನನ್ನು ಕಂಡು ಮುಖ ತಿರುಗಿಸಿ ಹೇಳಿದರು: "ಬಂದ್ಯಾ? ಮಜ್ಜಿಗಿ ಚರಿಗಿ ಒಳಗೈತಿ, ನೀನಾ ಹಾಕ್ಕೋ. ನಾ ಕೊಡಂಗಿಲ್ಲ."

ಕುಡಿದು ನೇರ ಗುಜರಿ ಅಂಗಡಿಗೆ ಹೋಗಿ ಹಲಗೆಯ ಮೇಲೆ ನಿಂತೆ. ಹುಸೇನ್ ಸಾಬರು ಮುಳ್ಳನ್ನು ನೋಡಿದರು, ನನ್ನನ್ನು ನೋಡಿದರು.

"ಊರಿಗೆ ಹೋಗಿದ್ರೇನು ಅಕ್ಕಾರ? ಒಂದೂವರೆ ಕೆಜಿ ಊರು ಹೊತ್ಕೊಂಡು ಬಂದೀರಿ. ಅದನ್ನೂ ಇಳಸ್ತೀರೇನು?"

ನಾಳೆ ಬೆಳಿಗ್ಗೆ ಬೇಗ ಏಳಬೇಕು ಅಂದುಕೊಂಡೆ. ಆದರೂ ಹಲಗೆಯಿಂದ ತಕ್ಷಣ ಇಳಿಯಲು ಮನಸ್ಸಾಗಲಿಲ್ಲ.