ಅಮಾವಾಸ್ಯೆಯ ಕರೆಂಟು

ವಿಜ್ಞಾನ ವಸ್ತುಪ್ರದರ್ಶನವೆಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಆಯುಷ್ಯವೆಲ್ಲ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು ಹೀಗೆ ಹೇಳಬಾರದು, ಆದರೆ ಖರೆ ಮಾತು ಅದೇ. ಅಡುಗೆ ಸೋಡಾದಿಂದ ಉಕ್ಕುವ ಜ್ವಾಲಾಮುಖಿ, ಥರ್ಮೋಕೋಲಿನ ಮೇಲೆ ಅಂಟಿಸಿದ ಹಸಿರು ಬೆಟ್ಟ, ನಡುವೆ ಉಸಿರನ್ನೂ ಎಳೆದುಕೊಳ್ಳದ ಬಾಯಿಪಾಠ. ಅಪ್ಪ ಮಾಡಿದ ಮಾದರಿಗೆ ಮಗನಿಗೆ ಬಹುಮಾನ. ಹುನಗುಂದದ ತಾಲೂಕು ಪ್ರದರ್ಶನಕ್ಕೆ ನನ್ನನ್ನು ತೀರ್ಪುಗಾರನಾಗಿ ಕರೆದದ್ದು ನಾನು ದೊಡ್ಡ ಪಂಡಿತನೆಂದಲ್ಲ, ಉಳಿದವರೆಲ್ಲ ಒಂದೊಂದು ನೆಪ ಹೇಳಿ ತಪ್ಪಿಸಿಕೊಂಡಿದ್ದರು. ಹಾಳೂರಿಗೆ ಉಳಿದವನೇ ಗೌಡ.

ಆ ವರ್ಷದ ವಿಷಯ ಸಮುದ್ರದ ಉಬ್ಬರವಿಳಿತದಿಂದ ವಿದ್ಯುತ್ತು. ಮೇಲಿನಿಂದ ಬಂದ ಸುತ್ತೋಲೆ. ಹುನಗುಂದಕ್ಕೂ ಸಮುದ್ರಕ್ಕೂ ಏನು ಸಂಬಂಧ ಎಂದು ಸುತ್ತೋಲೆ ಬರೆದ ಮಹಾನುಭಾವನನ್ನು ಕೇಳುವವರಿರಲಿಲ್ಲ. ನೆರೆದ ಮಾಸ್ತರರಲ್ಲಿ ಸಮುದ್ರ ಕಂಡವರು ನಾಲ್ಕೈದು ಮಂದಿ ಇದ್ದರೇನೋ. ನಾನೂ ಕಂಡಿರಲಿಲ್ಲ, ಆದರೆ ಅದನ್ನು ಯಾರಿಗೂ ಹೇಳಿರಲಿಲ್ಲ. ಹಾಗಿದ್ದೂ ಬೆಳಿಗ್ಗೆ ಹತ್ತಕ್ಕೆಲ್ಲ ಸಭಾಭವನದ ತುಂಬ ನೀಲಿ ಬಣ್ಣದ ಸಮುದ್ರಗಳು ಸಾಲಾಗಿ ನಿಂತಿದ್ದವು.

ಇಲ್ಲಿ ನನ್ನದೊಂದು ಹಳೆಯ ಜಗಳದ ಮಾತು ಹೇಳಬೇಕು. ನಾನು ಇಳಕಲ್ಲಿನ ನೇಕಾರರ ಮನೆಯವನು. ನಮ್ಮಲ್ಲಿ ಅಮಾವಾಸ್ಯೆಯ ದಿನ ಮಗ್ಗ ಬಂದ್. ಮಗ್ಗ ತೊಳೆದು, ಕುಂಕುಮ ಹಚ್ಚಿ, ಕಾಯಿ ಒಡೆದರೆ ಮುಗಿಯಿತು, ಮರುದಿನದವರೆಗೆ ಯಾರೂ ಲಾಳಿ ಮುಟ್ಟುವಂತಿಲ್ಲ. ಏಕೆ ಎಂದು ಚಿಕ್ಕಂದಿನಲ್ಲಿ ಒಮ್ಮೆ ಕೇಳಿದ್ದಕ್ಕೆ ಅಪ್ಪ ಕಪಾಳಕ್ಕೆ ಕೊಟ್ಟಿದ್ದರು. ಉತ್ತರ ಗೊತ್ತಿಲ್ಲದವರು ಕೊಡುವ ಉತ್ತರ ಅದು. ಅಂದಿನಿಂದ ಕ್ಯಾಲೆಂಡರಿನ ಆ ಕಪ್ಪು ಚಂದ್ರನನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ದೊಡ್ಡವನಾದ ಮೇಲೆ ಅಮಾವಾಸ್ಯೆ ನೋಡಿಯೇ ಕ್ಷೌರ ಮಾಡಿಸಿದೆ, ಅಮಾವಾಸ್ಯೆ ನೋಡಿಯೇ ಹೊಸ ಅಂಗಿ ತೊಟ್ಟೆ. ಹೆಂಡತಿ ಹಣೆ ಬಡಿದುಕೊಂಡಷ್ಟೂ ನನಗೆ ಹುರುಪು. ತಿಥಿ, ಪಂಚಾಂಗ ಎಂದವರೆಲ್ಲ ನನ್ನ ಲೆಕ್ಕದಲ್ಲಿ ದಡ್ಡರು.

ಪ್ರದರ್ಶನದ ಕೊನೆಯ ಮೇಜಿನಲ್ಲಿ ಒಂಬತ್ತನೇ ತರಗತಿಯ ಹುಡುಗಿ ನಿಂತಿದ್ದಳು. ಅವಳೂ ಇಳಕಲ್ಲಿನ ನೇಕಾರರ ಪೈಕಿಯೇ. ನೀರು ತುಂಬಿದ ಎರಡು ಪ್ಲಾಸ್ಟಿಕ್ ಬುಟ್ಟಿ, ನಡುವೆ ಒಂದು ಕೊಳವೆ, ಕೊಳವೆಯ ಬಾಯಿಗೆ ಡಬ್ಬಿಯ ತಗಡು ಕತ್ತರಿಸಿ ಮಾಡಿದ ಚಕ್ರ, ಅದಕ್ಕೆ ಆಟಿಕೆ ಸಾಮಾನಿನ ಮೋಟರು. ಒಂದು ಬುಟ್ಟಿ ಎತ್ತಿದರೆ ನೀರು ಆಚೆಗೆ ಓಡಿ ಸಣ್ಣ ದೀಪ ಹತ್ತುತ್ತಿತ್ತು, ಇನ್ನೊಂದನ್ನು ಎತ್ತಿದರೆ ನೀರು ಮರಳಿ ಬಂದು ಮತ್ತೆ ಹತ್ತುತ್ತಿತ್ತು. ಅವಳ ಹಿಂದೆ ತಾಯಿ ನಿಂತಿದ್ದಳು. ಅಮಾವಾಸ್ಯೆಯಲ್ಲದ ದಿನ ಮಗ್ಗ ಬಿಟ್ಟು ಬಂದಿದ್ದಳು. ಮೊದಲ ಸ್ಥಾನ ಬಂದವರು ಬಾಗಲಕೋಟೆಗೆ, ವಿದ್ಯಾಗಿರಿಯ ಕಾಲೇಜಿನಲ್ಲಿ ನಡೆಯುವ ಜಿಲ್ಲಾ ಪ್ರದರ್ಶನಕ್ಕೆ ಹೋಗುವವರಿದ್ದರು. ಅಲ್ಲಿಗೆ ಹೋಗಬೇಕೆಂದು ಹುಡುಗಿ ಎರಡು ತಿಂಗಳಿಂದ ಆಟಕ್ಕೂ ಹೋಗಿಲ್ಲವೆಂದು ತಾಯಿ ನನಗೆ ಹೇಳಿದಳು. ಹೇಳಬಾರದಾಗಿತ್ತು. ಶಿಫಾರಸು ಕಂಡರೆ ನನಗೆ ಆಗುವುದಿಲ್ಲ.

ಮಾದರಿ ಚೆನ್ನಾಗಿತ್ತು. ಬಹುಮಾನ ಬರೆಯಲು ಪೆನ್ನಿನ ಟೋಪಿಯನ್ನೂ ತೆಗೆದಿದ್ದೆ. ಆಗ ಮೇಜಿನ ಹಿಂದೆ ತೂಗುಹಾಕಿದ್ದ ಗೋಡೆ ಕ್ಯಾಲೆಂಡರು ಕಣ್ಣಿಗೆ ಬಿತ್ತು. ಅಮಾವಾಸ್ಯೆ, ಹುಣ್ಣಿಮೆಗಳಿಗೆ ದೊಡ್ಡ ಕುಂಕುಮದ ಬೊಟ್ಟು. ಅಷ್ಟಮಿಗಳಿಗೆ ಚಿಕ್ಕದು. ಇದೇನೆಂದು ಕೇಳಿದೆ.

"ಅಮಾಸಿ, ಹುಣ್ಣಿವಿಗೆ ಸಮುದ್ರ ಭಾಳ ಏರತೈತ್ರಿ ಸರ್, ಭಾಳ ಇಳೀತೈತಿ. ಆವತ್ತ ಕರೆಂಟ್ ಹೆಚ್ಚ. ಅಷ್ಟಮಿ ಸುತ್ತ ಕಡಿಮಿ. ಗಾಳಿ ಹಂಗಲ್ರಿ ಇದು, ಯಾವತ್ತ ಎಷ್ಟ ಬರತೈತಿ ಅನ್ನೂದು ಮೊದಲ ಗೊತ್ತಿರತೈತಿ."

ನನ್ನ ಕಪಾಳದ ಹಳೆಯ ಉರಿ ಎದ್ದಿತು. ಇಡೀ ಭವನಕ್ಕೆ ಕೇಳುವಂತೆ ಹೇಳಿದೆ. "ಅಮಾಸಿ ದಿನ ಚಂದ್ರನ ಇರೂದಿಲ್ಲ. ಇಲ್ಲದ ಚಂದ್ರ ನೀರ ಹೆಂಗ ಎಳಿತಾನವಾ? ಇದು ವಿಜ್ಞಾನದ ಜಾಗಾ. ಈ ಪಂಚಾಂಗ ಒಯ್ದು ದೇವರ ಜಗಲಿ ಮ್ಯಾಲ ಇಡು."

ಮಾಸ್ತರರು ನಕ್ಕರು. ನಗಬೇಡಿ ಎಂದು ಹೇಳುವ ಒಬ್ಬ ಗಂಡಸೂ ಅಲ್ಲಿರಲಿಲ್ಲ, ನಮ್ಮ ಮಾಸ್ತರರ ಜಾತಿಯೇ ಹಾಗೆ, ತೀರ್ಪುಗಾರ ಹಂಗಿಸಿದರೆ ನಗುವವರು. ಹುಡುಗಿ ಚೀಲದೊಳಗೆ ಕೈ ಹಾಕಿದಳು, ನನ್ನ ಮುಖವನ್ನೊಮ್ಮೆ ನೋಡಿದಳು, ಬರಿಗೈ ಹೊರಗೆ ತೆಗೆದಳು. ಅಳಲು ಕರವಸ್ತ್ರ ಹುಡುಕುತ್ತಿದ್ದಾಳೆ ಎಂದುಕೊಂಡೆ. ಆದರೆ ಅವಳು ಅಳಲಿಲ್ಲ. ಕ್ಯಾಲೆಂಡರು ಇಳಿಸಿ ಸುರುಳಿ ಸುತ್ತಿ ತಾಯಿಯ ಕೈಗೆ ಕೊಟ್ಟಳು.

ಮೊದಲ ಸ್ಥಾನವನ್ನು ಥರ್ಮೋಕೋಲಿನ ಸಮುದ್ರವೊಂದಕ್ಕೆ ಕೊಟ್ಟೆ. ಅದರ ದೀಪ ನೀರಿದ್ದರೂ ಇಲ್ಲದಿದ್ದರೂ ಉರಿಯುತ್ತಿತ್ತು. ಮೇಜಿನ ಬಟ್ಟೆಯ ಕೆಳಗೆ ಸೆಲ್ಲು ಇತ್ತೆಂದು ಕುರುಡನೂ ಹೇಳಬಹುದಿತ್ತು. ಬಟ್ಟೆ ಎತ್ತಿ ನೋಡುವ ಗೋಜಿಗೆ ನಾನು ಹೋಗಲಿಲ್ಲ. ಸೆಲ್ಲಿನ ಮೋಸ ವಿಜ್ಞಾನದೊಳಗಿನ ಮೋಸ, ಪಂಚಾಂಗಕ್ಕಿಂತ ವಾಸಿ ಎಂದು ನನಗೆ ನಾನೇ ಹೇಳಿಕೊಂಡೆ.

ನಿವೃತ್ತಿಯಾದ ಮೇಲೆ ಹೆಂಡತಿಗೆ ಕಾರವಾರ ನೋಡುವ ಆಸೆಯಾಯಿತು. ಅಮಾವಾಸ್ಯೆ ಕಳೆದು ಹೋಗೋಣ ಎಂದಳು. ಅಷ್ಟು ಸಾಕಾಯಿತು, ಅಮಾವಾಸ್ಯೆಯ ಬೆಳಿಗ್ಗೆಯೇ ಮುಟ್ಟುವಂತೆ ಬಸ್ಸು ಹಿಡಿದೆ. ಒಣ ಮರಳು ನೋಡಿ ರೊಟ್ಟಿಯ ಗಂಟು, ಚಪ್ಪಲಿ ಇಟ್ಟು ಕುಳಿತೆವು. ಮೀನಿನ ಬುಟ್ಟಿ ಹೊತ್ತು ಹೊರಟಿದ್ದ ಹೆಂಗಸೊಬ್ಬಳು ನಿಂತು, ಇವತ್ತು ಅಮಾವಾಸ್ಯೆ, ನೀರು ಇಲ್ಲಿಯವರೆಗೂ ಬರುತ್ತದೆ, ಮೇಲೆ ಹೋಗಿ ಕುಳಿತುಕೊಳ್ಳಿ ಎಂದಳು. ಇಲ್ಲೂ ಬಿಡಲಿಲ್ಲವಲ್ಲ ಈ ಪೀಡೆ ಎಂದು ನಾನು ಅಲ್ಲಾಡಲಿಲ್ಲ. ಹೆಂಡತಿ ಎದ್ದು ಹೋದಳು. ನಾನು ನೀರಿನಂಚಿನವರೆಗೆ ನಡೆದು, ದಂಡೆಗುಂಟ ಒಂದೆರಡು ತಾಸು ಒಬ್ಬನೇ ಅಡ್ಡಾಡಿ ತಿರುಗಿ ಬರುವಷ್ಟರಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಚಪ್ಪಲಿ ಮೂರೂ ಅರಬ್ಬಿ ಸಮುದ್ರದ ಪಾಲಾಗಿದ್ದವು. ಮೊಣಕಾಲಮಟ ನೀರಿನಲ್ಲಿ ನಿಂತಾಗ ನೆನಪಾದದ್ದು ಆ ಕುಂಕುಮದ ಬೊಟ್ಟು.

ಊರಿಗೆ ಬಂದು ಪುಸ್ತಕ ತೆರೆದೆ. ಅಮಾವಾಸ್ಯೆಯ ಚಂದ್ರ ಎಲ್ಲಿಗೂ ಹೋಗಿರುವುದಿಲ್ಲ, ಸೂರ್ಯನ ಮಗ್ಗುಲಲ್ಲೇ ಇರುತ್ತಾನೆ, ಇಬ್ಬರೂ ಕೂಡಿಯೇ ನೀರು ಎಳೆಯುತ್ತಾರೆ. ಪಾಠ ಇದ್ದದ್ದು ಹೈಸ್ಕೂಲಿನ ಸಮಾಜ ಪುಸ್ತಕದಲ್ಲಿ. ಸಮಾಜದ ಮಾಸ್ತರರನ್ನು ಇಸವಿ ಒಪ್ಪಿಸುವ ಗಿಳಿಗಳೆಂದು ಹಂಗಿಸುತ್ತಿದ್ದ ನಾನು ಆ ಪುಸ್ತಕವನ್ನು ಒಮ್ಮೆಯೂ ತೆರೆದಿರಲಿಲ್ಲ. ನಾಚಿಕೆಯಾಯಿತು. ಎರಡು ದಿನ ಸರಿಯಾಗಿ ಊಟ ಸೇರಲಿಲ್ಲ.

ಹುಡುಗಿ ಈಗ ಗುಡೂರಿನ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಾಳೆಂದು ತಿಳಿಯಿತು. ಬರಿಗೈಯಲ್ಲಿ ಹೋಗಬಾರದೆಂದು ಅಮೀನಗಡದಲ್ಲಿ ಇಳಿದು ಕರದಂಟು ಕಟ್ಟಿಸಿಕೊಂಡೆ. ಒಂದೊಂದು ಅಂಗಡಿಯವನೂ ತನ್ನದೇ ಅಸಲಿ ಎಂದು ಹಲಗೆ ಹಾಕಿಕೊಂಡಿದ್ದಾನೆ. ಬೇರೆ ದಿನವಾದರೆ ಆ ಹಲಗೆಗಳ ಬಗ್ಗೆಯೇ ಅರ್ಧ ತಾಸು ಮಾತಾಡುತ್ತಿದ್ದೆ.

ಅವಳು ನನ್ನನ್ನು ಕೂಡಲೇ ಗುರುತಿಸಿ, ಕುರ್ಚಿ ಕೊಟ್ಟು ಚಹಾ ತರಿಸಿದಳು. ಗೋಡೆಯಲ್ಲಿ ಕ್ಯಾಲೆಂಡರು ಇತ್ತು, ಕುಂಕುಮದ ಬೊಟ್ಟುಗಳೂ ಇದ್ದವು. ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದ ಮಾತೆಲ್ಲ ಮರೆತುಹೋಗಿ, ಅವತ್ತು ನನ್ನದೇ ತಪ್ಪಾಗಿತ್ತು ತಂಗಿ, ನನಗೆ ಗೊತ್ತಿರಲಿಲ್ಲ ಎಂದಷ್ಟೇ ಹೇಳಿದೆ. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಹಗುರಾಗಿ ಮನೆಗೆ ಬರುತ್ತಿದ್ದೆ.

"ನಿಮಗ ಗೊತ್ತಿಲ್ಲ ಅನ್ನೂದು ನನಗ ಅವತ್ತ ಗೊತ್ತಾಗಿತ್ರಿ ಸರ್," ಎಂದಳು. "ಸಮಾಜ ಪುಸ್ತಕ ಚೀಲದಾಗ ಇತ್ತು, ಕೈಯಾಗ ಹಿಡದಿದ್ನಿ. ತಗದು ತೋರಿಸಿದ್ರ ಅಷ್ಟ ಮಂದಿ ಮುಂದ ನಿಮ್ಮ ಮಾರಿ ಸಣ್ಣದಾಗತಿತ್ತು. ವಯಸ್ಸಾದವ್ರು, ಹೋಗ್ಲಿ ಅಂತ ಬಿಟ್ನಿ."

ಜಿಲ್ಲೆಗೆ ಹೋಗುವ ಆಸೆಯಿತ್ತಲ್ಲ ಎಂದೆ. ಇತ್ತು ಎಂದಳು. ಗಂಟೆ ಹೊಡೆಯಿತು. ಕರದಂಟಿನ ಪೊಟ್ಟಣವನ್ನು ಮಕ್ಕಳಿಗೆ ಹಂಚುತ್ತೇನೆಂದು ಎತ್ತಿಕೊಂಡು ತರಗತಿಗೆ ಹೋದಳು. ಒಂಬತ್ತನೇ ತರಗತಿಯ ಹುಡುಗಿ ನನ್ನನ್ನು ಕೀಳಾಗಿ ಕಂಡಿದ್ದರೆ ತಡೆದುಕೊಳ್ಳುತ್ತಿದ್ದೆ, ಅದರ ವ್ಯವಹಾರ ನನಗೆ ಗೊತ್ತು. ಅವಳು ನನ್ನ ಮೇಲೆ ಕನಿಕರ ಪಟ್ಟಿದ್ದಳು.